ಮುದಿ ಹೇಟೆಯನ್ನೂ ಕೈಯಲ್ಲಿ ಹಿಡಿದು ನೋಡುವ ಚಿಕಿತ್ಸಾಲಯ

ಹಾಸನದ ನಮ್ಮ ಮನೆಯ ಹಿತ್ತಲಿನಲ್ಲಿ ಗಿರಿರಾಜ ತಳಿಯ ಮೂರು ಹೇಟೆಗಳಿದ್ದವು, ಮೂರಕ್ಕೂ ಐದು ವರ್ಷ ದಾಟಿತ್ತು. ಮೊಟ್ಟೆ ಕಡಿಮೆಯಾದ ಕೋಳಿಗೆ ಔಷಧಿಯ ಖರ್ಚು ಏಕೆ ಎಂದು ಕೇಳುವವರೇ ಹೆಚ್ಚು. ಹೀಗಿರುವಾಗ ಊರಂಚಿನ ಒಂದು ಸಣ್ಣ ಖಾಸಗಿ ಪಶು ಚಿಕಿತ್ಸಾಲಯದಲ್ಲಿ ನಮಗೆ ದೊರೆತ ಆರೈಕೆಯನ್ನು ದಾಖಲಿಸಬೇಕೆನಿಸಿತು.

ಕಳೆದ ಮಳೆಗಾಲದಲ್ಲಿ ದೊಡ್ಡ ಹೇಟೆ ಮೇವು ಬಿಟ್ಟು, ಕಾಲು ಅಗಲಿಸಿ, ಎದೆ ಮೇಲೆತ್ತಿ ನಿಲ್ಲತೊಡಗಿತು. ಜುಟ್ಟು ಬಿಳಿಚಿಕೊಂಡು ಹೊಟ್ಟೆ ಊದಿತ್ತು. ಮೊದಲು ಹೋದ ಕಡೆ ಬುಟ್ಟಿಯ ಮುಚ್ಚಳವನ್ನೂ ತೆಗೆಯದೆ ಜಂತುಹುಳದ ಔಷಧಿ ಬರೆದುಕೊಟ್ಟರು. ಅದನ್ನು ನಂಬಿ ನಾಲ್ಕು ದಿನ ಕಳೆದದ್ದು ನನಗೆ ಇಂದಿಗೂ ನೋವಿನ ಸಂಗತಿ. ಕೋಳಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮರೆಮಾಚುವ ಜೀವ. ಅದು ಮೂಲೆ ಹಿಡಿಯುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಈ ಚಿಕಿತ್ಸಾಲಯದ ವೈದ್ಯೆ ಮೊದಲು ಹೇಟೆಯನ್ನು ತೂಗಿದರು. ಎದೆಮೂಳೆಯ ಇಕ್ಕೆಲದ ಮಾಂಸ ಎಷ್ಟು ಸವೆದಿದೆ, ಕುತ್ತಿಗೆಯ ಬುಡದ ಕಾಳಿನ ಚೀಲ ಖಾಲಿಯಾಗುತ್ತಿದೆಯೇ ಎಂದು ಮುಟ್ಟಿ ನೋಡಿದರು. ಕೈಗವಸು ಹಾಕಿಕೊಂಡು ಮೊಟ್ಟೆ ಅಡ್ಡ ಸಿಕ್ಕಿಲ್ಲವೆಂದು ಖಚಿತಪಡಿಸಿಕೊಂಡು, ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕೊನೆಗೆ ಹೊಟ್ಟೆಯಿಂದ ಸೂಜಿಯಲ್ಲಿ ಸ್ವಲ್ಪ ನೀರು ತೆಗೆದರು. ಅದು ಹಳದಿಯಾಗಿ, ಭಂಡಾರದ, ಅಂದರೆ ಮೊಟ್ಟೆಯ ಹಳದಿ ಲೋಳೆಯ, ಚೂರುಗಳಿಂದ ಕದಡಿತ್ತು. ಅಂಡಾಶಯದಿಂದ ಕಳಚಿದ ಭಂಡಾರ ಅಂಡನಾಳವನ್ನು ಸೇರದೆ ಹೊಟ್ಟೆಯೊಳಗೆ ಬಿದ್ದು ಸೋಂಕಾಗಿರಬೇಕು, ಮುದಿ ಹೇಟೆಗಳಲ್ಲಿ ಇದು ಸಾಮಾನ್ಯ, ಆದರೆ ಅಂಡಾಶಯದ ಗೆಡ್ಡೆಯಿಂದಲೂ ಹೊಟ್ಟೆ ಹೀಗೆಯೇ ಊದಬಹುದು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಎರಡರಲ್ಲಿ ಯಾವುದೆಂದು ತಿಳಿಯಲು ಬೇಕಾದ ಸ್ಕ್ಯಾನಿಂಗ್ ಅಲ್ಲಿಲ್ಲ. ಅದನ್ನು ಅವರೇ ಮೊದಲಿಗೆ ಹೇಳಿದರು.

ನೀರು ತೆಗೆದರೆ ಉಸಿರಾಟ ಸರಾಗವಾಗುತ್ತದೆಯೇ ಹೊರತು ರೋಗ ಗುಣವಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆ್ಯಂಟಿಬಯೋಟಿಕ್ ಮತ್ತು ನೋವಿನ ಔಷಧಿಯನ್ನು ಅದರ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಟ್ಟು, ಔಷಧಿ ನಡೆಯುವಾಗಲೂ ಮುಗಿದ ನಂತರವೂ ಎಷ್ಟು ದಿನ ಅದರ ಮೊಟ್ಟೆ ತಿನ್ನಬಾರದೆಂದು ಚೀಟಿಯಲ್ಲಿ ಬರೆದರು. ಹೇಟೆ ಮತ್ತೆ ರಾಗಿ ಹೆಕ್ಕತೊಡಗಿ ಎರಡು ತಿಂಗಳು ಅಂಗಳದಲ್ಲಿ ಓಡಾಡಿತು. ಮೂರನೆಯ ಬಾರಿ ಹೊಟ್ಟೆಯಲ್ಲಿ ನೀರು ತುಂಬಿದಾಗ ಇನ್ನು ಹಿಂಸೆ ಬೇಡವೆಂದು ನಾವೇ ಕೇಳಿಕೊಂಡೆವು. ಚುಚ್ಚುಮದ್ದು ಕೊಟ್ಟು, ನೋವಿಲ್ಲದಂತೆ ಕಳುಹಿಸಿಕೊಟ್ಟರು.

ಇನ್ನೊಂದು ಹೇಟೆಯ ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಕಟ್ಟಿ ಬಾವು ಬಂದಿತ್ತು. ಅದನ್ನು ಬಿಡಿಸಿ ತೊಳೆದು ಪಟ್ಟಿ ಕಟ್ಟಿದರು. ಎತ್ತರದ ಅಡ್ಡಗೋಲಿನಿಂದ ಭಾರದ ಕೋಳಿ ಧುಮುಕಿದಾಗ ಇಂಥ ಗಾಯವಾಗುತ್ತದೆಂದು ಹೇಳಿ ಗೋಲನ್ನು ತಗ್ಗಿಸಲು ಸೂಚಿಸಿದರು. ಈಗ ಅದು ಕುಂಟುತ್ತಿಲ್ಲ.

ನನ್ನ ಆಕ್ಷೇಪ ಒಂದೇ. ನಾಯಿಗಳೂ ಕೋಳಿಗಳೂ ಒಂದೇ ಕೋಣೆಯಲ್ಲಿ ಕಾಯಬೇಕು. ನಾಯಿ ಬೊಗಳಿದಾಗ ಸೊರಗಿದ ಹೇಟೆ ಬುಟ್ಟಿಯೊಳಗೆ ತತ್ತರಿಸುತ್ತದೆ. ಕೊಕ್ಕರೆ ರೋಗದಂತಹ (ರಾಣಿಖೇತ್) ಅಂಟುರೋಗವಿರುವ ಹಕ್ಕಿ ಬಂದರೆ ಪಕ್ಕದ ಬುಟ್ಟಿಗೂ ಅಪಾಯ. ಕೋಳಿಗಳಿಗೊಂದು ಮೂಲೆಯನ್ನಾದರೂ ಬೇರೆ ಮಾಡಬೇಕು. ಅಲ್ಲಿಗೆ ಹೋಗುವವರು ಬುಟ್ಟಿಯ ಮೇಲೆ ತೆಳು ಬಟ್ಟೆ ಹೊದಿಸಿ, ಅಂದಿನ ಹಿಕ್ಕೆಯನ್ನು ಡಬ್ಬಿಯಲ್ಲಿ ಒಯ್ಯಿರಿ. ಬೆಳಿಗ್ಗೆ ಮೇವು ಹಾಕುವ ಮೊದಲು ಕಾಳಿನ ಚೀಲ ಖಾಲಿಯಿತ್ತೇ ಎಂದು ನೋಡಿಕೊಂಡು ಹೋಗಿರಿ, ವೈದ್ಯೆ ಮೊದಲು ಕೇಳುವುದು ಅದನ್ನೇ.