ರೋವಿಂಗ್ ಎಂದು ಬರೆದಿರುವ ಉಣ್ಣೆ ಪೊಟ್ಟಣ: ಐದಕ್ಕೆ ಮೂರು ಸ್ಟಾರ್

100 ಗ್ರಾಂ ಮೆರಿನೊ ಕುರಿಯ ಉಣ್ಣೆ, ಎಳೆಯ ದಪ್ಪ 23 ಮೈಕ್ರಾನ್. ಉಣ್ಣೆ ಮೆತ್ತಗಿದೆ, ಶುಚಿಯಾಗಿದೆ, ಕಸಕಡ್ಡಿ ಇಲ್ಲ. ಎರಡು ಸ್ಟಾರ್ ಕಳೆದಿದ್ದು ಉಣ್ಣೆಗಲ್ಲ, ಮೇಲಿನ ಚೀಟಿಗೆ. 'ರೋವಿಂಗ್' ಎಂದು ಬರೆದಿದ್ದಾರೆ, ಒಳಗಿರುವುದು ಟಾಪ್.

ಏನು ಮಹಾ ವ್ಯತ್ಯಾಸ ಅಂತೀರಾ? ನೂಲುವವರಿಗೆ ಬಹಳ ಇದೆ. ಕೈನೂಲಿನವರು ರೋವಿಂಗ್ ಅನ್ನುವುದು ಬರೀ ಹಿಂಜಿ ಎಳೆದ ಉದ್ದನೆಯ ಹಂಜಿಗೆ. ಅದರಲ್ಲಿ ಎಳೆಗಳು ಅಡ್ಡಾದಿಡ್ಡಿ ಇರುತ್ತವೆ. ನಡುವೆ ಗಾಳಿ ನಿಲ್ಲುತ್ತದೆ, ನೂಲು ಉಬ್ಬಿ ಬೆಚ್ಚಗಾಗುತ್ತದೆ. ಟಾಪ್ ಆದರೆ ಹಿಂಜಿದ ಮೇಲೆ ಬಾಚಿದ್ದು. ಗಿಡ್ಡ ಎಳೆಗಳೆಲ್ಲ ಹೋಗಿ, ಉಳಿದವು ಒಂದೇ ದಿಕ್ಕಿಗೆ ಮಲಗಿರುತ್ತವೆ. ನೂಲು ನುಣ್ಣಗೆ, ಬಿಗಿಯಾಗಿ ಬರುತ್ತದೆ. ನನಗೆ ಟೋಪಿ ಹೆಣೆಯಲು ಉಬ್ಬಿದ ನೂಲು ಬೇಕಿತ್ತು. ಇದು ತಕಲಿಗೆ ಹಾಕಿದರೆ ಕೈಯಿಂದ ಜಾರಿ ಜಾರಿ ಹೋಗುತ್ತದೆ!

ಈಗಾಗಲೇ ಕೊಂಡಿದ್ದರೆ ಒಂದು ಉಪಾಯ ಇದೆ. ಎಳೆಯ ಉದ್ದದಷ್ಟೇ ಒಂದು ಕುಚ್ಚು ಕಿತ್ತು, ತೋರುಬೆರಳಿನ ಮೇಲೆ ಮಡಚಿ, ಮಡಿಕೆಯಿಂದಲೇ ನೂಲಿ. ಎಳೆಗಳು ಮಡಚಿಕೊಂಡೇ ಒಳಗೆ ಹೋಗುವುದರಿಂದ ನೂಲು ಸ್ವಲ್ಪ ಉಬ್ಬುತ್ತದೆ. ಟೋಪಿ ಆಯಿತು, ಚೆನ್ನಾಗಿಯೇ ಆಯಿತು.

ಮಾರುವವರನ್ನು ಕೇಳಿದೆ. "ಎಲ್ಲರೂ ಹಾಗೇ ಕರೀತಾರೆ ಮೇಡಂ" ಅಂದರು. ನಿಜ, ಕರೆಯುತ್ತಾರೆ. ಮಿಲ್ಲಿನವರನ್ನು ಕೇಳಿದರೆ ನಮ್ಮ ಕೈನೂಲಿನ ರೋವಿಂಗೂ ರೋವಿಂಗ್ ಅಲ್ಲ. ಅಲ್ಲಿ ಹಿಂಜಿದ ಸ್ಲೈವರನ್ನು, ಅಂದರೆ ಹುರಿಯಿಲ್ಲದ ದಪ್ಪ ಹಂಜಿಯನ್ನು, ಸ್ಪೀಡ್ ಫ್ರೇಮ್ ಎಂಬ ಯಂತ್ರದಲ್ಲಿ ಸಣ್ಣಗೆ ಎಳೆದು, ಚೂರೇ ಚೂರು ಹುರಿ ಕೊಟ್ಟು ಬಾಬಿನ್ನಿಗೆ ಸುತ್ತಿದರೆ ಮಾತ್ರ ಆ ಹೆಸರು. ಬಿಚ್ಚುವಾಗ ತುಂಡಾಗಬಾರದು, ಮುಂದೆ ನೂಲು ತೆಗೆಯುವ ರಿಂಗ್ ಫ್ರೇಮ್ ಯಂತ್ರದಲ್ಲಿ ಇನ್ನೂ ಸಣ್ಣಗೆ ಎಳೆಯಲೂ ಬರಬೇಕು. ಅಷ್ಟೇ ಹುರಿ.

ಪೊಟ್ಟಣದ ಜೊತೆ ಒಂದು ಕರಪತ್ರವೂ ಇದೆ. 'ರೋವ್ ಎಂದರೆ ಅಲೆಯುವುದು, ಎಳೆಗಳು ಅಲೆಯುವುದರಿಂದ ರೋವಿಂಗ್' ಎಂದು ಕತೆ ಕಟ್ಟಿದ್ದಾರೆ. ಓದಲು ಚಂದ, ಆದರೆ ಸುಮ್ನೆ ಹೊಸೆದದ್ದು. ಇಂಗ್ಲಿಷ್ ನಿಘಂಟುಗಳು ಅಲೆಯುವ ರೋವ್, ನೂಲಿನ ರೋವ್ ಎರಡನ್ನೂ ಬೇರೆ ಬೇರೆ ಪದಗಳಾಗಿಯೇ ಕೊಡುತ್ತವೆ. ಅಲೆಯುವ ರೋವ್ ಮೊದಲು ಬಿಲ್ಲುಗಾರರ ಮಾತು. ಕಟ್ಟಿಟ್ಟ ಗುರಿ ಬಿಟ್ಟು, ಬಯಲಲ್ಲಿ ಕಣ್ಣಿಗೆ ಬಿದ್ದ ಮರಕ್ಕೋ ದಿಬ್ಬಕ್ಕೋ ಬಾಣ ಬಿಡುವುದು ಎಂದರ್ಥ. ಕಡಲುಗಳ್ಳನಿಗೆ ಹೇಳುತ್ತಿದ್ದ ರೋವರ್ ಡಚ್ ಕಡೆಯಿಂದ ಬಂದದ್ದು, ದೋಚುವವನು ಎಂದು ಅರ್ಥ. ಇನ್ನು ನೂಲಿನ ರೋವ್‌ಗೆ ನಿಘಂಟುಗಳು 'ಮೂಲ ತಿಳಿಯದು' ಎಂದೇ ಹಾಕುತ್ತವೆ. ಪಾಪ, ಕರಪತ್ರದವರಿಗೆ ಅಷ್ಟು ಬರೆದರೆ ಸಾಲದು ಅನ್ನಿಸಿರಬೇಕು.

ನುಣುಪು ನೂಲು ಬೇಕಿದ್ದವರು ಧೈರ್ಯವಾಗಿ ಕೊಳ್ಳಿ. ಹೊಸಬರು ತಕಲಿ ಹಿಡಿಯುವುದಾದರೆ ಹಿಂಜಿದ್ದನ್ನೇ ಕೇಳಿ ತರಿಸಿ, ಜಾಸ್ತಿ ಜಾರುವುದಿಲ್ಲ.