ಇಂಡಕ್ಷನ್ ಒಲೆಯ ಜೊತೆ "ತಟ್ಟೆ" ಮಾರುವವರಿದ್ದಾರೆ, ಎಚ್ಚರ: ಮೈಸೂರಿನಲ್ಲಿ ನನಗಾದ ಮೋಸ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಇಪ್ಪತ್ತೊಂಬತ್ತು ವರ್ಷ ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು ತಂತಿಯ ಸುರುಳಿ, ದಂಡಕಾಂತ, ಗ್ಯಾಲ್ವನೋಮೀಟರ್ ಹಿಡಿದುಕೊಂಡು ಎಷ್ಟು ಹತ್ತನೇ ತರಗತಿಗಳಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. ಅದೇ ತತ್ವದ ಮೇಲೆ ನಡೆಯುವ ಒಂದು ಒಲೆಯನ್ನು ಕೊಳ್ಳಲು ಹೋಗಿ, ನನ್ನ ಮಗನಿಗಿಂತ ಚಿಕ್ಕ ವಯಸ್ಸಿನ ಅಂಗಡಿ ಹುಡುಗನ ಮುಂದೆ ನಾನು ಬೆಪ್ಪಳಾಗಿ ನಿಂತೆ. ಒಲೆಗೆ 3,400 ರೂಪಾಯಿ, ಒಲೆಗೆ ಒಗ್ಗದ ಪಾತ್ರೆಗಳ ಅಡಿಗೆ ಇಡಿ ಎಂದು ಮಾರಿದ ಲೋಹದ ತಟ್ಟೆಗೆ 650 ರೂಪಾಯಿ ಹೋಯಿತು. ಹಣಕ್ಕಿಂತ ಹೆಚ್ಚಾಗಿ ಉರಿಯುತ್ತಿರುವುದು ಅಂಗಡಿಯವರು ಕೊಟ್ಟ ಉತ್ತರಗಳು.

ಕಳೆದ ದಸರಾ ಸಮಯದಲ್ಲಿ, ಸರಿಯಾಗಿ ಆಯುಧಪೂಜೆಯ ದಿನ ನಮ್ಮ ಮನೆಯ ಸಿಲಿಂಡರ್ ಮುಗಿಯಿತು. ಸರಸ್ವತಿಪುರಂನ ಹಳೆಯ ಮನೆ, ಇರುವವರು ನಾವಿಬ್ಬರೇ, ಎರಡನೆಯ ಸಿಲಿಂಡರ್ ಇಟ್ಟುಕೊಂಡಿಲ್ಲ. ಪಕ್ಕದ ಮನೆಯವರು ಇಂಡಕ್ಷನ್ ಒಲೆಯ ಮೇಲೆ ಹಾಲು, ಕಾಫಿ, ಅನ್ನ ಎಲ್ಲವನ್ನೂ ವರ್ಷಗಳಿಂದ ಮಾಡುತ್ತಿರುವುದನ್ನು ಕಂಡಿದ್ದ ನಾನು, ವಿಜಯದಶಮಿ ಕಳೆದ ಮೇಲೆ ಪೇಟೆಯ ಕಡೆಯ ಒಂದು ಪಾತ್ರೆ ಮತ್ತು ಮಿಕ್ಸಿ ಅಂಗಡಿಗೆ ಹೋದೆ. ಬಾಗಿಲಲ್ಲೇ ಹಬ್ಬದ ರಿಯಾಯಿತಿಯ ಬ್ಯಾನರ್ ಕಟ್ಟಿದ್ದರು. ಆ ಹುಡುಗ ತಮ್ಮದೇ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಅರ್ಧ ಲೀಟರ್ ನೀರಿಟ್ಟು, ಎರಡು ನಿಮಿಷದೊಳಗೆ ಕುದಿಸಿ ತೋರಿಸಿದ. ಪಾತ್ರೆಯನ್ನು ಎತ್ತಿದ ಕೂಡಲೇ ಒಲೆ ಕೀಂ ಕೀಂ ಎಂದು ಕೂಗಿ ತಾನಾಗಿಯೇ ನಿಂತಿತು. "ನೋಡಿ ಮೇಡಂ, ಪಾತ್ರೆ ತೆಗೆದ್ರೆ ಅದೇ ಆಫ್ ಆಗುತ್ತೆ, ಎಷ್ಟು ಸೇಫ್ ನೋಡಿ" ಎಂದ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಇದೇ ಮಾತಿಗೆ ಮತ್ತೆ ಬರುತ್ತೇನೆ.

ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಿಯೇ ಇದ್ದೆ. ನಮ್ಮ ಮನೆಯ ಪಾತ್ರೆಗಳೆಲ್ಲ ಇದಕ್ಕೆ ಆಗುತ್ತವೆಯೇ ಎಂದು ಎರಡು ಸಲ ಕೇಳಿದೆ. "ಸ್ಟೀಲ್ ತಾನೇ ಮೇಡಂ, ಎಲ್ಲಾ ಆಗುತ್ತೆ. ಆಗ್ದೇ ಇದ್ರೆ ನಾವಿದ್ದೀವಲ್ಲ" ಎಂದ. ಕರೆಂಟು ಎಷ್ಟು ಎಳೆಯುತ್ತದೆ ಎಂದರೆ, "ಇನ್ನೂರು ಯೂನಿಟ್ ಫ್ರೀ ಅಲ್ವಾ ಮೇಡಂ, ಬಿಲ್ಲೇ ಬರಲ್ಲ" ಎಂದ. ಅಡುಗೆಮನೆಯಲ್ಲಿ ದೊಡ್ಡ ಪಿನ್ನಿನ ಸಾಕೆಟ್ ಇಲ್ಲವೆಂದರೆ, ಒಂದು ಕನ್ವರ್ಟರ್ ಪ್ಲಗ್ಗನ್ನು ಉಚಿತವಾಗಿ ಚೀಲಕ್ಕೆ ಹಾಕಿದ. ಮಾತಿನ ನಡುವೆ ನಾನು ವಿಜ್ಞಾನದ ಶಿಕ್ಷಕಿಯಾಗಿದ್ದೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡೆ. ಅದನ್ನು ಹೇಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಸಂಜೆ ಮನೆಗೆ ಬಂದು ಮೊದಲು ಕುಕ್ಕರ್ ಇಟ್ಟೆ. ಕೀಂ ಕೀಂ. ಇಂಡಾಲಿಯಂ ಬೋಗುಣಿ ಇಟ್ಟೆ, ಕೀಂ ಕೀಂ. ಮದುವೆಯಲ್ಲಿ ಕೊಟ್ಟಿದ್ದ, ಮೂವತ್ತು ವರ್ಷದಿಂದ ಸಾರು ಕಾಯಿಸಿದ ಸ್ಟೀಲ್ ತಪ್ಪಲೆ ಇಟ್ಟೆ, ಅದಕ್ಕೂ ಕೀಂ ಕೀಂ. ಒಗ್ಗರಣೆ ಸೌಟು ಅಪ್ಪಟ ಕಬ್ಬಿಣದ್ದು, ಆದರೆ ಅದರ ತಳ ತೀರ ಚಿಕ್ಕದಾದ್ದರಿಂದ ಒಲೆ ಅದನ್ನು ಪಾತ್ರೆಯೆಂದೇ ಗುರುತಿಸಲಿಲ್ಲ. ಇಡೀ ಅಡುಗೆಮನೆಯಲ್ಲಿ ಆ ಒಲೆಯ ಮೇಲೆ ಕಾದದ್ದು ದೋಸೆ ಕಾವಲಿ ಮತ್ತು ಒಂದು ಸ್ಟೀಲ್ ಡಬರಿ ಮಾತ್ರ. ಆಗ ನನಗೆ ಬುದ್ಧಿ ಬಂತು. ಫ್ರಿಜ್ಜಿನ ಬಾಗಿಲಿಗೆ ಮೊಮ್ಮಗಳು ಅಂಟಿಸಿದ್ದ ಆಟಿಕೆ ಕಾಂತವನ್ನು ಕಿತ್ತುಕೊಂಡು ಒಂದೊಂದೇ ಪಾತ್ರೆಯ ತಳಕ್ಕೆ ಹಿಡಿದೆ. ಕಾವಲಿಗೆ ಮತ್ತು ಡಬರಿಗೆ ಮಾತ್ರ ಅದು ಗಟ್ಟಿಯಾಗಿ ಅಂಟಿತು. ಅಲ್ಯೂಮಿನಿಯಂಗಾಗಲಿ ತಾಮ್ರಕ್ಕಾಗಲಿ ಕಾಂತ ಅಂಟುವುದಿಲ್ಲ, ನಿಕಲ್ ಹೆಚ್ಚಾಗಿ ಬೆರೆಸಿದ ಒಳ್ಳೆಯ ಸ್ಟೀಲಿಗೂ ಸಾಮಾನ್ಯವಾಗಿ ಅಂಟುವುದಿಲ್ಲ. ಒಲೆಯೊಳಗಿನ ತಾಮ್ರದ ಸುರುಳಿ ಹುಟ್ಟಿಸುವ ಕಾಂತಕ್ಷೇತ್ರವು ಕಬ್ಬಿಣದಂಥ ತಳದಲ್ಲಿ ಮಾತ್ರ ಅಡುಗೆಗೆ ಸಾಲುವಷ್ಟು ಶಾಖವನ್ನು ಎಬ್ಬಿಸಬಲ್ಲದು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ, ನಾನೇ ಹೇಳಿಕೊಡುತ್ತಿದ್ದ ಪಾಠ ಇದು. ಅಂಗಡಿಗೆ ಹೋಗುವಾಗ ಒಂದು ಕಾಂತವನ್ನು ಪರ್ಸಿನಲ್ಲಿ ಹಾಕಿಕೊಂಡು ಹೋಗಬೇಕೆಂದು ಮಾತ್ರ ತೋಚಲಿಲ್ಲ.

ಮರುದಿನವೇ ಒಲೆಯನ್ನು ಡಬ್ಬದ ಸಮೇತ ಹಿಂದಿರುಗಿಸಲು ಹೋದೆ. ಅಂದು ಮಾಲೀಕರೇ ಇದ್ದರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿ, "ಅಯ್ಯೋ ಟೀಚರ್, ನೀವೇ ಸೈನ್ಸ್ ಹೇಳ್ಕೊಟ್ಟೋರು, ನಿಮ್ಗೆ ನಾವು ಹೇಳ್ಬೇಕಾ?" ಎಂದರು. ಅಕ್ಕಪಕ್ಕದಲ್ಲಿದ್ದವರು ನಕ್ಕರು. ನಾನೂ ಮರ್ಯಾದೆಗೆ ನಕ್ಕೆ. ಆ ನಗುವಿನ ನಡುವೆಯೇ ಹುಡುಗ ಕೌಂಟರಿನ ಕೆಳಗಿನಿಂದ, ಹಿಡಿಯಿರುವ ಒಂದು ಚಪ್ಪಟೆ ಲೋಹದ ತಟ್ಟೆಯನ್ನು ತೆಗೆದು ಮುಂದಿಟ್ಟ. "ಇದನ್ನ ಒಲೆ ಮೇಲಿಡಿ, ಇದರ ಮೇಲೆ ಯಾವ ಪಾತ್ರೆ ಬೇಕಾದ್ರೂ ಇಡಿ. ಮಣ್ಣಿನ ಮಡಕೆ ಇಟ್ರೂ ಆಗುತ್ತೆ." ಆರುನೂರೈವತ್ತು ಎಂದರು, ನಗದು ಕೊಟ್ಟೆ. ಬಿಲ್ಲು ಕೇಳಿದ್ದಕ್ಕೆ, "ಇಷ್ಟಕ್ಕೆಲ್ಲ ಯಾಕೆ ಟೀಚರ್ ಬಿಲ್ಲು, ನಾವೇನು ಅಂಗಡಿ ಎತ್ತಿಕೊಂಡು ಓಡಿಹೋಗ್ತೀವಾ?" ಎಂದರು. ನಾನು ಸುಮ್ಮನಾದೆ. ಆಗ ಯಾಕೆ ಸುಮ್ಮನಾದೆನೋ, ಇಂದಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ.

ಆ ತಟ್ಟೆ ಇಟ್ಟ ಮೇಲೆ ಒಲೆಯೇನೋ ಕೂಗುವುದನ್ನು ನಿಲ್ಲಿಸಿತು, ಆದರೆ ಅದರಿಂದಾದದ್ದು ಅಡುಗೆಯಲ್ಲ, ಅವಸ್ಥೆ. ತಟ್ಟೆ ಮೊದಲು ಕಾಯಬೇಕು, ಅದರಿಂದ ಪಾತ್ರೆಗೆ ಶಾಖ ಹತ್ತಬೇಕು. ನಮ್ಮ ಬೋಗುಣಿಯ ತಳ ಬಳಸಿ ಬಳಸಿ ಸ್ವಲ್ಪ ಉಬ್ಬಿರುವುದರಿಂದ ನಡುವೆ ಮಾತ್ರ ತಾಗಿ, ಬೇಳೆ ನಡುವೆ ಅಡಿ ಹಿಡಿದು ಸುತ್ತಲೂ ಬೇಯದೆ ಉಳಿಯುತ್ತಿತ್ತು. ಗಾಜಿನ ಅಡಿಯಲ್ಲಿರುವ ಶಾಖದ ಸಂವೇದಕ ಬಿಸಿ ಜಾಸ್ತಿಯಾಯಿತೆಂದು ಆಗಾಗ ಒಲೆಯನ್ನು ತಡೆಯುತ್ತಿತ್ತು. ಮುದ್ದೆಯ ಕಥೆಯಂತೂ ಕೇಳಲೇಬೇಡಿ. ನಮ್ಮ ಮನೆಯವರು ಮದ್ದೂರಿನ ಕಡೆಯವರು, ರಾತ್ರಿಗೆ ಮುದ್ದೆ ಆಗಲೇಬೇಕು. ಎಸರು ಕುದಿಯುವುದಕ್ಕೇ ಕಾಲು ಗಂಟೆ ಹಿಡಿಯುತ್ತಿತ್ತು. ಮೇಲೆ ಇಟ್ಟುಕೊಂಡೇ ಕೋಲು ಹಾಕಿದರೆ ಪಾತ್ರೆ ತಟ್ಟೆಯ ಸಮೇತ ನುಣುಪು ಗಾಜಿನ ಮೇಲೆ ಜಾರುತ್ತಿತ್ತು. ಹಾಗಾಗಿ ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕಾಲಲ್ಲಿ ಒತ್ತಿ ಹಿಡಿದು, ಗಂಟಿಲ್ಲದಂತೆ ತಿರುವುವುದೇ ರೂಢಿಯಾಯಿತು.

ಇಪ್ಪತ್ತಮೂರನೆಯ ದಿನ ಹೀಗೆಯೇ ನೆಲದ ಮೇಲೆ ಮುದ್ದೆ ತಿರುವುತ್ತಿದ್ದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ತಲೆಯೆತ್ತಿ ನೋಡಿದರೆ ಒಲೆಯ ಮೇಲೆ ಪಾತ್ರೆ ಇಲ್ಲ, ತಟ್ಟೆ ಇದೆ, ಒಲೆ ಉರಿಯುತ್ತಲೇ ಇದೆ. ಪಾತ್ರೆ ತೆಗೆದರೆ ತಾನೇ ನಿಲ್ಲುವ ಒಲೆ, ಕಬ್ಬಿಣದ ತಟ್ಟೆ ಮೇಲೆಯೇ ಇರುವುದರಿಂದ ಪಾತ್ರೆ ಇನ್ನೂ ಇದೆಯೆಂದು ತಿಳಿದು, ಬರಿಯ ತಟ್ಟೆಯನ್ನು ಕಾಯಿಸುತ್ತಲೇ ಇತ್ತು. ಅಂಗಡಿಯಲ್ಲಿ ಎಷ್ಟು ಸೇಫ್ ನೋಡಿ ಎಂದು ತೋರಿಸಿದ ಗುಣವನ್ನೇ, ಅದೇ ಅಂಗಡಿಯವರು ಮರುದಿನ ಮಾರಿದ ತಟ್ಟೆ ಕೊಂದುಹಾಕಿತ್ತು! ಸ್ವಿಚ್ ಆರಿಸುವಷ್ಟರಲ್ಲಿ ಒಳಗೆ ಟಪ್ಪೆಂದು ಶಬ್ದವಾಗಿ ಫ್ಯಾನು ಸಹ ನಿಂತಿತು. ತಟ್ಟೆಯನ್ನು ಇಕ್ಕಳದಿಂದ ಎತ್ತಿದರೆ ಗಾಜಿನ ಮೇಲೆ ಕಂದು ಬಣ್ಣದ ದುಂಡಗಿನ ಕಲೆ ಉಳಿದಿತ್ತು.

ಕಂಪನಿಯ ಸರ್ವಿಸ್ ಕೇಂದ್ರದಲ್ಲಿದ್ದ ಹುಡುಗ ವಿನಯವಂತ, ಅವನ ಮೇಲೆ ನನಗೆ ಕೋಪವಿಲ್ಲ. ಮೊದಲು ಒಳಗೆ ಜಿರಳೆ ಹೋಗಿರಬಹುದು ಎಂದ, ಫ್ಯಾನಿನ ಕಿಂಡಿಯಿಂದ ಅವು ಹೋಗುವುದು ಸಾಮಾನ್ಯವಂತೆ. ಆಮೇಲೆ ಗಾಜಿನ ಮೇಲಿನ ಕಲೆ ನೋಡಿ, "ತಟ್ಟೆ ಇಟ್ಟು ಅಡುಗೆ ಮಾಡಿದ್ರಾ ಅಮ್ಮ?" ಎಂದು ಕೇಳಿದ. ಹೌದೆಂದೆ. ಡಬ್ಬದೊಳಗಿನ ಪುಸ್ತಿಕೆಯನ್ನು ತೆಗೆದು, ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿದ್ದ ಒಂದು ಸಾಲನ್ನು ತೋರಿಸಿದ. ಅಂಥ ತಟ್ಟೆ ಬಳಸಬಾರದು, ಬಳಸಿದರೆ ವಾರಂಟಿ ಇಲ್ಲ ಎಂದು ಅದರಲ್ಲಿತ್ತು. ರಿಪೇರಿಗೆ 1,850 ರೂಪಾಯಿ ಹೇಳಿದ.

ಅಲ್ಲಿಂದ ನೇರವಾಗಿ ಅಂಗಡಿಗೆ ಹೋದೆ. ತಟ್ಟೆ ಕೊಟ್ಟ ಹುಡುಗ ಅಲ್ಲೇ ಇದ್ದ, ನನ್ನನ್ನು ಕಂಡವನೇ ಮೊಬೈಲು ನೋಡತೊಡಗಿದ. ಮಾಲೀಕರು ಮಾತ್ರ ಮೊದಲಿನಂತೆಯೇ ನಗುನಗುತ್ತ ಮಾತನಾಡಿದರು, ಅದೇ ಹೆಚ್ಚು ಚುಚ್ಚಿತು. "ಆ ತಟ್ಟೆ ನಮ್ದೇ ಅನ್ನೋದಕ್ಕೆ ಏನಿದೆ ಟೀಚರ್? ಬಿಲ್ ತೋರ್ಸಿ" ಎಂದರು. ಬಿಲ್ಲು ಬೇಡವೆಂದವರು ಯಾರು ಎಂದು ನಾನು ಕೇಳಿದೆ. "ನೀವು ಕೇಳಿದ್ರೆ ಕೊಡ್ತಿದ್ವಿ" ಎಂದರು. ಕೇಳಿದ್ದೆ, ಸ್ವಾಮಿ, ಕೇಳಿದ್ದೆ. ನಿಮ್ಮ ಬಾಯಿಂದಲೇ ಯಾಕೆ ಬಿಲ್ಲು ಎಂಬ ಮಾತು ಬಂದಿತ್ತು. ಪುಸ್ತಿಕೆಯ ಸಾಲನ್ನು ತೋರಿಸಿದೆ. ಅದಕ್ಕೆ ಅವರು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: "ಅದೇ ಮತ್ತೆ, ಬುಕ್ಕಲ್ಲೇ ಬರ್ದಿದಾರಲ್ಲ. ಟೀಚರ್ ಆಗಿ ನೀವು ಬುಕ್ ಓದ್ಬೇಕಿತ್ತು." ಇಡೀ ಅಂಗಡಿ ನಕ್ಕಿತು. ಈ ಸಲ ನಾನು ನಗಲಿಲ್ಲ.

ಒಲೆಯ ಬಿಲ್ಲಿನ ಕೆಳಗೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಅಚ್ಚಾಗಿದೆ, ಅದನ್ನೂ ಬೆರಳಿಟ್ಟು ತೋರಿಸಿದರು. ಮನೆಗೆ ಬಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಓದಿದೆ. ಬುಕ್ ಓದಬೇಕಿತ್ತು ಎಂದರಲ್ಲ, ಓದಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆಯುತ್ತದೆ. ಮಾರಿದ ವಸ್ತುವಿಗೆ ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಒಲೆಯಲ್ಲಿ ದೋಷವಿರಲಿಲ್ಲ, ನಾನೇ ಕೆಡಿಸಿದೆ ಎಂದು ಅವರು ವಾದಿಸಬಹುದು, ಅದು ನನಗೂ ಗೊತ್ತು. ಆದರೆ ಬಿಲ್ಲಿಲ್ಲದೆ ತಟ್ಟೆ ಮಾರಿದ್ದಕ್ಕೆ ಯಾವ ವಾದವಿದೆ? ಫೋನಿನಲ್ಲಿ ಇದನ್ನು ಹೇಳಿದಾಗ ಬಂದ ಉತ್ತರ, "ಲಾ ಎಲ್ಲ ಕೋರ್ಟಲ್ಲಿ ಹೇಳಿ ಟೀಚರ್."

ಉಳಿದ ಸುಳ್ಳುಗಳೂ ಒಂದೊಂದಾಗಿ ಹೊರಬಿದ್ದವು. ಉಚಿತ ಕನ್ವರ್ಟರ್ ಪ್ಲಗ್ಗು ಎರಡನೆಯ ವಾರದಲ್ಲೇ ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತ್ತು. 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 8.7 ಆಂಪಿಯರ್ ಎಳೆಯುತ್ತದೆ, ನಮ್ಮ ಅಡುಗೆಮನೆಯ ಸಾಕೆಟ್ಟು 6 ಆಂಪಿಯರಿನದು, ಭಾಗಾಕಾರ ಅಷ್ಟೇ. 16 ಆಂಪಿಯರಿನ ಸಾಕೆಟ್ಟು ಇರುವುದು ಬಚ್ಚಲಿನ ಗೀಸರಿಗೆ ಮಾತ್ರ. ಇನ್ನೂರು ಯೂನಿಟ್ಟಿನ ಮಾತೂ ಅರ್ಧ ಸತ್ಯ. ಗೃಹಜ್ಯೋತಿಯ ಉಚಿತ ಮಿತಿ ಪ್ರತಿ ಮನೆಗೂ 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಯಾಗಿದೆ, ಎಲ್ಲರಿಗೂ ಇನ್ನೂರಲ್ಲ. ಐವತ್ತರ ಆಸುಪಾಸಿನಲ್ಲಿದ್ದ ನಮ್ಮ ಬಳಕೆ ಆ ತಿಂಗಳು 97 ಯೂನಿಟ್ ತಲುಪಿ, ಮಿತಿ ಮೀರಿದ್ದಕ್ಕೆ ಹಣ ಕಟ್ಟಿದೆವು. ಬಹಳ ದಿನಗಳ ಮೇಲೆ ನಮ್ಮ ಮನೆಗೆ ಸೊನ್ನೆಯಲ್ಲದ ಬಿಲ್ಲು ಬಂತು.

ಇಂಡಕ್ಷನ್ ಒಲೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಕ್ಕದ ಮನೆಯದು ಇಂದಿಗೂ ಚೆನ್ನಾಗಿ ನಡೆಯುತ್ತಿದೆ, ಏಕೆಂದರೆ ಅವರು ಅದಕ್ಕೆ ತಕ್ಕ ಪಾತ್ರೆಗಳನ್ನೇ ಕೊಂಡಿದ್ದಾರೆ, ಬದನೆಕಾಯಿ ಸುಡಲು ಹಪ್ಪಳ ಸುಡಲು ಗ್ಯಾಸನ್ನೇ ಹಚ್ಚುತ್ತಾರೆ. ಕೊಳ್ಳುವವರು ಕಾಂತವೊಂದನ್ನು ಹಿಡಿದು ಮೊದಲು ಮನೆಯ ಪಾತ್ರೆಗಳನ್ನು ನೋಡಿಕೊಳ್ಳಿ, ಸಾಧ್ಯವಾದರೆ ದಿನಾ ಬಳಸುವ ಪಾತ್ರೆಯನ್ನೇ ಅಂಗಡಿಗೆ ಒಯ್ದು ಅದರಲ್ಲೇ ನೀರು ಕಾಯಿಸಿ ತೋರಿಸಲು ಹೇಳಿ. ತಟ್ಟೆ ಕೊಡುತ್ತೇವೆ ಎಂದವರ ಅಂಗಡಿಯಿಂದ ಎದ್ದು ಬನ್ನಿ. ಹತ್ತು ರೂಪಾಯಿಯ ವಸ್ತುವಿಗೂ ಬಿಲ್ಲು ಕೇಳಿ, ನಗದಿನ ಬದಲು ಫೋನಿನಿಂದ ಹಣ ಕೊಡಿ, ಕೊನೆಗೆ ಅದಾದರೂ ಸಾಕ್ಷಿಯಾಗುತ್ತದೆ. ಮತ್ತು ನೀವು ಏನು ಓದಿದ್ದೀರಿ, ಏನು ಕೆಲಸದಲ್ಲಿದ್ದಿರಿ ಎಂಬುದನ್ನು ಅಂಗಡಿಯಲ್ಲಿ ದಯವಿಟ್ಟು ಹೇಳಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಗ್ರಾಹಕರು ಸೂಚನೆ ಪಾಲಿಸಿಲ್ಲ ಎಂದು ಅಂಗಡಿಯವರು ಒಂದೇ ಸಾಲಿನ ಉತ್ತರ ಕೊಟ್ಟಿದ್ದಾರೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲವೆಂದು ತಿಳಿದ ಮೇಲೆ, ಅಲ್ಲಿಗೆ ಕೊಡಬೇಕಾದ ದೂರನ್ನು ನಾನೇ ಕೂತು ಬರೆಯುತ್ತಿದ್ದೇನೆ. ನಾಲ್ಕು ಸಾವಿರಕ್ಕೆ ಇಷ್ಟೆಲ್ಲ ಯಾಕೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ತಟ್ಟೆಯನ್ನು ಎಸೆದಿಲ್ಲ, ಅದರ ಹಿಡಿಗೆ ಅಂಗಡಿಯವರು ಬೆಲೆ ಬರೆದು ಅಂಟಿಸಿದ್ದ ಚೀಟಿ ಅರ್ಧ ಸುಟ್ಟಿದ್ದರೂ ಇನ್ನೂ ಹಾಗೆಯೇ ಇದೆ. ಒಲೆಯ ಬಿಲ್ಲಿನ ಕೈಬರಹವನ್ನೂ ಆ ಚೀಟಿಯ ಕೈಬರಹವನ್ನೂ ಪಕ್ಕಪಕ್ಕದಲ್ಲಿಟ್ಟು ಫೋಟೋ ತೆಗೆದಿಟ್ಟುಕೊಂಡಿದ್ದೇನೆ.