ಆ್ಯಶ್ ಬೇಸ್, ಆಲ್ಡರ್ ಬೇಸ್: ಮೂರು ವರ್ಷ ಎರಡನ್ನೂ ನುಡಿಸಿದ ಮೇಲೆ

ನನ್ನ ಬಳಿ ಈಗ ಉಳಿದಿರುವುದು ಆಲ್ಡರ್ ಮರದ ಬಾಡಿ (ಒಡಲು), ಮೇಪಲ್ ಮರದ ನೆಕ್ (ಕತ್ತು) ಮತ್ತು ನೆಕ್ಕಿನ ಮೇಲೆ ಬೆರಳೊತ್ತಲು ಬೀಟೆ ಮರದ ಫ್ರೆಟ್‌ಬೋರ್ಡ್ ಇರುವ ಬೇಸ್ ಗಿಟಾರ್. ಅದಕ್ಕಿಂತ 16,000 ರೂಪಾಯಿ ಹೆಚ್ಚು ಕೊಟ್ಟು, ಹೆಚ್ಚು ಆಸೆಪಟ್ಟು ಕೊಂಡಿದ್ದ ಆ್ಯಶ್ ಮರದ ಬಾಡಿಯ ಬೇಸನ್ನು ಹೋದ ವರ್ಷ ಮಾರಿದೆ. ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ, ಗಣೇಶೋತ್ಸವ ಮತ್ತು ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ನಾನು ಬೇಸ್ ನುಡಿಸುತ್ತೇನೆ. ಮೂರು ವರ್ಷ ಈ ಎರಡನ್ನೂ ಸರದಿಯ ಮೇಲೆ ವೇದಿಕೆಗೆ ಒಯ್ದಿದ್ದೇನೆ. ಎರಡೂ 34 ಇಂಚಿನ ಸ್ಕೇಲಿನ (ಮೀಟಿದಾಗ ಅಲುಗುವ ತಂತಿಯ ಉದ್ದ), ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಎರಡೆರಡು ಪಿಕಪ್‌ಗಳ ವಾದ್ಯಗಳು. ಹೋಲಿಸುವಾಗ ಎರಡಕ್ಕೂ 45ರಿಂದ 105ರ ದಪ್ಪದ (ಇಂಚಿನ ಸಾವಿರದ ಭಾಗಗಳಲ್ಲಿ) ಒಂದೇ ಬಗೆಯ ಹೊಸ ತಂತಿಗಳನ್ನು ಹಾಕಿ, ಒಂದೇ ಆಂಪ್ಲಿಫೈಯರ್‌ನಲ್ಲಿ ಕೇಳಿದ್ದೇನೆ.

ಆ್ಯಶ್ ಬೇಸನ್ನು ಕೊಂಡಿದ್ದು ಕೇವಲ ಅದರ ಚೆಲುವಿಗಾಗಿ. ಆ್ಯಶ್ ಮರದ ಪ್ರತಿ ವರ್ಷದ ಉಂಗುರದಲ್ಲೂ ದೊಡ್ಡ ರಂಧ್ರಗಳ ಒಂದು ಸಾಲು ಇರುತ್ತದೆ. ಹಲಗೆಯಾಗಿ ಕೊಯ್ದಾಗ ಆ ಸಾಲುಗಳೇ ಕಮಾನಿನೊಳಗೆ ಕಮಾನು ಬರೆದಂತೆ ಬಾಡಿಯ ಉದ್ದಕ್ಕೂ ಎದ್ದು ಕಾಣುತ್ತವೆ. ಮೇಲೆ ಪಾರದರ್ಶಕ ಮೆರುಗು ಹಚ್ಚಿದರೆ ಆ ಎಳೆಗಳಿಂದ ಕಣ್ಣು ಕೀಳಲಾಗುವುದಿಲ್ಲ. ಆಲ್ಡರ್‌ಗೆ ಈ ಭಾಗ್ಯವಿಲ್ಲ. ಅದರ ರಂಧ್ರಗಳು ಸೂಕ್ಷ್ಮ, ಬಣ್ಣ ಮಾಸಲು ಕೆಂಗಂದು, ಎಳೆ ಮಂಕು. ಆದರೆ ರಂಧ್ರ ತುಂಬುವ ಕೆಲಸವಿಲ್ಲದೆ ಬಣ್ಣ ನಯವಾಗಿ ಕೂರುತ್ತದೆ. ಅಮೆರಿಕದ ಗಿಟಾರ್ ತಯಾರಕ ಫೆಂಡರ್ ಸಂಸ್ಥೆ 1951ರಲ್ಲಿ ಪ್ರಿಸಿಷನ್ ಬೇಸನ್ನು ಹೊರತಂದಾಗ ಬಾಡಿಗೆ ಆ್ಯಶ್ ಬಳಸಿತ್ತು. 1956ರ ಹೊತ್ತಿಗೆ ಹೆಚ್ಚಿನ ವಾದ್ಯಗಳಿಗೆ ಆಲ್ಡರ್ ಬಂದು, ಎಳೆ ಕಾಣಬೇಕಾದ ತೆಳು ಹಳದಿಯ ಬ್ಲಾಂಡ್ ಬಣ್ಣಕ್ಕೆ ಮಾತ್ರ ಆ್ಯಶ್ ಉಳಿಯಿತು. ನನ್ನ ಆಲ್ಡರ್ ಬೇಸ್ ನಡುವೆ ತಿಳಿಯಾಗಿ ಅಂಚಿನತ್ತ ಗಾಢವಾಗುವ ಸನ್‌ಬರ್ಸ್ಟ್ ಬಣ್ಣದ್ದು. ಚೆಲುವಿನಲ್ಲಿ ಆ್ಯಶ್ ಗೆದ್ದಿತು ಎಂಬುದನ್ನು ಇಂದಿಗೂ ಒಪ್ಪುತ್ತೇನೆ.

ತೂಕದಲ್ಲಿ ಸೋತಿತು. ಆಲ್ಡರ್ ಬೇಸ್ 3.9 ಕಿಲೋ ಇದ್ದರೆ ಆ್ಯಶ್ ಬೇಸ್ 4.7 ಕಿಲೋ ಇತ್ತು, ಮತ್ತು ಮೂರು ಗಂಟೆಯ ಕಾರ್ಯಕ್ರಮದ ಕೊನೆಯಲ್ಲಿ ಈ 800 ಗ್ರಾಮ್ ಎಡಭುಜಕ್ಕೆ ಚೆನ್ನಾಗಿ ತಿಳಿಯುತ್ತಿತ್ತು. ಹಗುರವಾದ ಆ್ಯಶ್ ಇಲ್ಲವೆಂದಲ್ಲ. ಅಮೆರಿಕದ ದಕ್ಷಿಣದ ಜೌಗು ನೆಲದಲ್ಲಿ ಬೆಳೆದ ಮರಗಳ ಬುಡದ ಭಾಗದಿಂದ ಸಿಗುವ ಅದನ್ನು ಸ್ವಾಂಪ್ ಆ್ಯಶ್ ಎನ್ನುತ್ತಾರೆ. ಪ್ರವಾಹಗಳಿಂದಲೂ ಆ್ಯಶ್ ಮರಗಳನ್ನೇ ಕೊಲ್ಲುವ ಒಂದು ಹಸಿರು ಜೀರುಂಡೆಯಿಂದಲೂ ಅದರ ಪೂರೈಕೆ ಕುಸಿದು, 2020ರಲ್ಲಿ ಫೆಂಡರ್ ತನ್ನ ಹೆಚ್ಚಿನ ಮಾಮೂಲು ಮಾದರಿಗಳಿಂದ ಆ್ಯಶ್ ಅನ್ನು ಕೈಬಿಡುವುದಾಗಿ ಪ್ರಕಟಿಸಿತು. ಹೀಗಾಗಿ ಆ್ಯಶ್ ಎಂಬ ಹೆಸರನ್ನಷ್ಟೇ ಓದಿ ಹಗುರವೆಂದು ನಂಬುವಂತಿಲ್ಲ, ತಕ್ಕಡಿಯನ್ನು ಕೇಳಬೇಕು.

ತೂಕವನ್ನು ನಾನು ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದಿದ್ದುದು ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಆರನೆಯ ಫ್ರೆಟ್, ಅಂದರೆ ನೆಕ್ಕಿನ ಮೇಲಿನ ಆರನೆಯ ಲೋಹದ ಅಡ್ಡಪಟ್ಟಿ. ಅಲ್ಲಿ ಒತ್ತಿ ಮೀಟಿದರೆ ಸ್ವರ ಹುಟ್ಟುವಾಗ ಸರಿಯಾಗಿಯೇ ಹುಟ್ಟಿ, ಕ್ಷಣದಲ್ಲಿ ಒಡಲು ಕಳೆದುಕೊಂಡು, ತೆಳುವಾದ ಮೇಲಿನ ನಾದವೊಂದನ್ನು ಮಾತ್ರ ಉಳಿಸಿ ಆರಿಹೋಗುತ್ತಿತ್ತು. ನಾಲ್ಕನೆಯ ಫ್ರೆಟ್ಟಿನ ಸ್ವರ ಹತ್ತು ಸೆಕೆಂಡು ನಿಂತರೆ ಆರನೆಯದು ಮೂರೇ ಸೆಕೆಂಡು. ರಾಕ್ ನುಡಿಸುವವರು ಇದನ್ನು ಗಮನಿಸದೆಯೂ ಇರಬಹುದು. ನನಗೆ ಆ ಅವಕಾಶವಿರಲಿಲ್ಲ. ನಮ್ಮ ತಂಡದ ಇಬ್ಬರು ಗಾಯಕರದು ಒಂದೂವರೆ ಶ್ರುತಿ, ಅಂದರೆ ಸಿ ಶಾರ್ಪ್. ಜಿ ತಂತಿಯ ಆರನೆಯ ಫ್ರೆಟ್ಟಿನಲ್ಲಿ ಸಿಗುವುದೂ ಅದೇ ಸಿ ಶಾರ್ಪ್. ಭಾವಗೀತೆಯ ಪಲ್ಲವಿ ಮುಗಿದು ಗಾಯಕರು ಷಡ್ಜದಲ್ಲಿ ನೆಲೆಯಾದಾಗ, ಅವರನ್ನು ಹೊರಬೇಕಾದ ನನ್ನ ಷಡ್ಜ ಅವರ ಉಸಿರಿಗಿಂತ ಮೊದಲೇ ಮುಗಿಯುತ್ತಿತ್ತು.

ಮೊದಲು ತಂತಿಯ ದೋಷವೆಂದುಕೊಂಡೆ. ಮಾರಿದವರೂ ಹಾಗೆಯೇ ಹೇಳಿದರು. ಎರಡು ಸಲ ತಂತಿ ಬದಲಾಯಿಸಿದೆ, ಪಿಕಪ್‌ಗಳನ್ನು ತಗ್ಗಿಸಿದೆ, ರಿಪೇರಿ ಮಾಡುವವರಿಗೆ 2,500 ರೂಪಾಯಿ ಕೊಟ್ಟು ಫ್ರೆಟ್‌ಗಳನ್ನು ಮಟ್ಟ ಮಾಡಿಸಿದೆ. ಫ್ರೆಟ್‌ಗಳು ನಯವಾದವು, ಷಡ್ಜ ಬದುಕಲಿಲ್ಲ. ಅದೇ ಸ್ವರ ಡಿ ತಂತಿಯ ಹನ್ನೊಂದನೆಯ ಫ್ರೆಟ್ಟಿನಲ್ಲೂ ಸಿಗುತ್ತದಾದ್ದರಿಂದ ಕೆಲವು ತಿಂಗಳು ಅಲ್ಲಿಗೆ ಕೈ ಜಾರಿಸಿ ನುಡಿಸಿದೆ. ಆದರೆ ಅಲ್ಲಿ ದನಿ ದಪ್ಪ, ಜಾರುವಾಗ ಹಿಂದಿನ ಸ್ವರ ಕಡಿಯುತ್ತದೆ, ಲಯದ ಮೇಲಿನ ಗಮನ ಚದುರುತ್ತದೆ.

ಒಂದು ದಿನ ನೆಕ್ಕಿನ ತುದಿಯಲ್ಲಿ ತಂತಿ ಬಿಗಿಯುವ ಹೆಡ್‌ಸ್ಟಾಕನ್ನು ಮರದ ಬೀರುವಿಗೆ ಒತ್ತಿ ಹಿಡಿದು ಅದೇ ಸ್ವರವನ್ನು ಮೀಟಿದಾಗ ಅದು ತುಂಬಿ ನಿಂತಿತು. ಕಾರಣ ತಿಳಿದದ್ದು ಆಗ. ನೆಕ್ ಕೂಡ ಒಂದು ಮರದ ಪಟ್ಟಿ. ಅದಕ್ಕೂ ತನ್ನದೇ ಆದ ಕಂಪನವಿರುತ್ತದೆ. ಒತ್ತಿದ ಸ್ವರವೂ ನೆಕ್ಕಿನ ಕಂಪನವೂ ಒಂದಾದ ಕಡೆ ತಂತಿಯ ಶಕ್ತಿ ನೆಕ್ಕಿಗೆ ಸೋರಿಹೋಗಿ ಮೂಲಸ್ವರ ಬೇಗ ಸಾಯುತ್ತದೆ. ಸ್ಕ್ರೂಗಳಿಂದ ನೆಕ್ ಜೋಡಿಸಿದ 34 ಇಂಚಿನ ಬೇಸ್‌ಗಳಲ್ಲಿ ಈ ಡೆಡ್ ಸ್ಪಾಟ್ ಸಾಮಾನ್ಯವಾಗಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ಟಿನ ಆಸುಪಾಸಿನಲ್ಲೇ ಬೀಳುತ್ತದೆ. ಬಡಗಿಗಳ ಸಣ್ಣ ಸಿ ಕ್ಲಾಂಪನ್ನು ಚರ್ಮದ ತುಂಡಿನ ಮೇಲೆ ಹೆಡ್‌ಸ್ಟಾಕಿಗೆ ಬಿಗಿದು ನೋಡಿದೆ. ತೂಕ ಕೂಡಿದಂತೆ ನೆಕ್ಕಿನ ಕಂಪನ ತಗ್ಗಿ, ದೋಷ ಐದನೆಯ ಫ್ರೆಟ್ಟಿಗೆ ಸರಿಯಿತು. ಸಿ ಶಾರ್ಪ್ ಉಳಿಯಿತು, ಸಿ ಹೋಯಿತು. ಮೊದಲೇ ಭಾರವಾಗಿದ್ದ ವಾದ್ಯದ ತಲೆಯೂ ಕೆಳಗೆ ಎಳೆಯತೊಡಗಿತು.

ಕೊನೆಗೆ ನಾಲ್ಕು ನಾಲ್ಕು ಸ್ಕ್ರೂ ಬಿಚ್ಚಿ ಎರಡು ವಾದ್ಯಗಳ ನೆಕ್‌ಗಳನ್ನು ಅದಲುಬದಲು ಮಾಡಿದೆ. ಆಲ್ಡರ್ ಬೇಸ್‌ನ ನೆಕ್ ಆ್ಯಶ್ ಬಾಡಿಯ ಮೇಲೆ ಕೂತಾಗ ಆರನೆಯ ಫ್ರೆಟ್ ಎಂಟು ಸೆಕೆಂಡು ನುಡಿಯಿತು. ಆ್ಯಶ್ ಬೇಸ್‌ನ ನೆಕ್ ಆಲ್ಡರ್ ಬಾಡಿಗೆ ಹೋದಾಗ ಡೆಡ್ ಸ್ಪಾಟ್ ಕೂಡ ಅದರ ಜೊತೆಗೇ ಹೋಯಿತು: ಮೂರೂವರೆ ಸೆಕೆಂಡು. ನಾನು ಬಾಡಿಯ ಎಳೆ ನೋಡಿ ದುಡ್ಡು ಸುರಿದಿದ್ದೆ, ಎಡವಟ್ಟು ನೆಕ್ಕಿನಲ್ಲಿತ್ತು. ಎರಡೂ ಮೇಪಲ್ಲೇ. ಆದರೆ ಒಂದೇ ಜಾತಿಯ ಮರದಲ್ಲೂ ಹಲಗೆಯಿಂದ ಹಲಗೆಗೆ ಗಡಸು, ತೂಕ ಬೇರೆ. ಮರದ ಹೆಸರು ಇದನ್ನು ಹೇಳುವುದಿಲ್ಲ.

ಹಾಗಾದರೆ ಬಾಡಿಯ ಮರದಿಂದ ನಾದಕ್ಕೆ ಏನೂ ಇಲ್ಲವೇ? ಪಿಕಪ್ ಹಿಡಿಯುವುದು ತಂತಿಯ ಚಲನೆಯನ್ನು. ಮರ ಮಾಡುವುದೇನಿದ್ದರೂ ತಂತಿ ಹೇಗೆ, ಎಷ್ಟು ಹೊತ್ತು ಅಲುಗುತ್ತದೆ ಎಂಬುದರ ಮೂಲಕವೇ ಮಾಡಬೇಕು. ಆಂಪ್ಲಿಫೈಯರ್‌ಗೆ ಜೋಡಿಸದೆ ಬಾಡಿಯ ಚಾಚಿದ ಕೊಂಬಿಗೆ ಕಿವಿಯಿಟ್ಟು ಕೇಳಿದಾಗ ಆ್ಯಶ್ ಬೇಸ್‌ನ ನಾದದಲ್ಲಿ ತಳವೂ ಚುರುಕಾದ ಮೇಲ್ತುದಿಯೂ ಹೆಚ್ಚಿದ್ದು, ಆಲ್ಡರ್‌ನದು ನಡುವೆ ತುಂಬಿಕೊಂಡಿತ್ತು. ವೇದಿಕೆಯಲ್ಲಿ ಇದರ ಸಣ್ಣ ಪಾಲು ಮಾತ್ರ ಉಳಿಯುತ್ತದೆ. ಪಿಕಪ್‌ಗಳು ಆಯಾ ಬಾಡಿಯಲ್ಲೇ ಇದ್ದುದರಿಂದ ನನ್ನ ಪ್ರಯೋಗ ಬಾಡಿಯ ಮರವನ್ನು ಒಂಟಿಯಾಗಿ ಅಳೆಯಲಾರದು ಎಂಬುದನ್ನೂ ಹೇಳಿಬಿಡಬೇಕು. ತಬಲಾ ಮತ್ತು ಕೀಬೋರ್ಡಿನ ನಡುವೆ ನನ್ನ ಸ್ವರ ಎದ್ದು ಕೇಳುವುದು ಆಲ್ಡರ್ ಬೇಸಿನಲ್ಲಿ, ಅಷ್ಟೇ. ಹೊಸ ತಂತಿಗೂ ಆರು ತಿಂಗಳ ತಂತಿಗೂ ಇರುವ ಅಂತರ ಈ ಎರಡು ಮರಗಳ ಅಂತರಕ್ಕಿಂತ ದೊಡ್ಡದು.

ಫ್ರೆಟ್‌ಬೋರ್ಡಿನ ವಿಷಯದಲ್ಲಿ ನನ್ನ ಒಲವು ಬೀಟೆಗೆ. ಮೇಪಲ್ ಬೋರ್ಡಿಗೆ ಮೆರುಗು ಹಚ್ಚಲೇಬೇಕು, ಇಲ್ಲವಾದರೆ ಬೆವರಿನ ಕಲೆ ಹಿಡಿಯುತ್ತದೆ. ಆ ಮೆರುಗು ಪೆಂಡಾಲಿನ ಸೆಖೆಯಲ್ಲಿ ಬೆರಳಿಗೆ ಅಂಟುತ್ತದೆ. ಬೀಟೆಯ ಚೇಗಿನಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ ಮೆರುಗಿಲ್ಲದೆಯೇ ಬಾಳುತ್ತದೆ, ಬೆರಳು ಸಲೀಸಾಗಿ ಜಾರುತ್ತದೆ. ಮೈಸೂರಿನ ಕೆತ್ತನೆ ಜೋಡಣೆಯ ಕೆಲಸಕ್ಕೆ ಬಳಸುವ, ಕೊಡಗು ಮತ್ತು ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಬೀಟೆಯೇ ಗಿಟಾರ್ ಲೋಕದಲ್ಲಿ ಇಂಡಿಯನ್ ರೋಸ್‌ವುಡ್. 2017ರ ಜನವರಿಯಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರದ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಡಿ ಇಡೀ ರೋಸ್‌ವುಡ್ ಕುಲದ ವ್ಯಾಪಾರಕ್ಕೆ ನಿಯಂತ್ರಣ ಬಂದಾಗ ಹಲವು ತಯಾರಕರು ಪಾವ್ ಫೆರೊದಂಥ ಮರಗಳಿಗೆ ತಿರುಗಿದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನೋಟದಲ್ಲೂ ಸನ್‌ಬರ್ಸ್ಟ್ ಬಾಡಿಯ ಪಕ್ಕದಲ್ಲಿ ಆ ನೇರಳೆಗಂದು ಬಣ್ಣವೇ ನನಗೆ ಹಿತ.

ಗೆಳೆಯರೊಬ್ಬರ ಮಹಾಗನಿ ಬೇಸನ್ನು ಎರಡು ವಾರ ನುಡಿಸಿದ್ದೆ. ನಾದ ಮೃದು, ಕೆಂಗಂದು ಬಣ್ಣ ಸುಂದರ. ಆದರೆ ಅದರ ಸ್ಕೇಲ್ 30.5 ಇಂಚು, ಆ ಮೃದುತ್ವದಲ್ಲಿ ಮರದ ಪಾಲೆಷ್ಟು, ಗಿಡ್ಡ ತಂತಿಯ ಪಾಲೆಷ್ಟು ಎಂದು ಬೇರ್ಪಡಿಸಲಾಗಲಿಲ್ಲ. ಬ್ಯಾಸ್‌ವುಡ್ ಎಂಬ ಮರ ಹಗುರ, ಅಗ್ಗ, ಆದರೆ ಏಟಿಗೆ ಬೇಗ ತಗ್ಗು ಬೀಳುತ್ತದೆ.

ನನ್ನ ಬಜೆಟ್ 60,000ದ ಒಳಗೆ, ನಿಂತು ನುಡಿಸುವುದು ಮೂರು ಗಂಟೆ, ಗಾಯಕರದು ಒಂದೂವರೆ ಶ್ರುತಿ. ಈ ಮೂರೂ ಆಲ್ಡರ್ ಬೇಸಿನ ಕಡೆಗೇ ಕೈ ತೋರಿಸಿದವು. ಆ್ಯಶ್ ಬೇಸನ್ನು ಕೊಂಡ ಹುಡುಗನನ್ನು ಮನೆಗೇ ಕರೆಸಿ, ಆರನೆಯ ಫ್ರೆಟ್ಟನ್ನು ಅವನಿಂದಲೇ ಮೀಟಿಸಿ, ವಿಷಯ ಹೇಳಿ, 10,000 ರೂಪಾಯಿ ಕಡಿಮೆ ಮಾಡಿ ಕೊಟ್ಟೆ. ಅವನು ನುಡಿಸುವುದು ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಯನ್ನು ಬಡಿದು ಚುಟುಕಾಗಿ ನುಡಿಸುವ ಶೈಲಿ. ಸ್ವರವನ್ನು ಮೂರು ಸೆಕೆಂಡು ಹಿಡಿಯುವ ಸಂದರ್ಭ ಅವನಿಗೆ ಬರುವುದೇ ಇಲ್ಲವಂತೆ.